ಹಗುರ ಕಾರಿಗೆ ಯಾವ ಚಾಸಿ?

ಮಕ್ಕಳೇ, ಶೂ ಕೊಂಡಾಗ ಬಂದ ರಟ್ಟಿನ ಡಬ್ಬ ಮನೆಯಲ್ಲಿ ಒಂದಿದ್ದರೆ ತನ್ನಿ. ಮುಚ್ಚಳ ತೆಗೆದು ಪಕ್ಕಕ್ಕಿಡಿ. ಡಬ್ಬದ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಒದ್ದೆ ಟವೆಲ್ ಹಿಂಡುವ ಹಾಗೆ ಮೆಲ್ಲಗೆ ತಿರುಚಿ. ಡಬ್ಬ ಸಲೀಸಾಗಿ ಸೊಟ್ಟಗಾಗುತ್ತದೆ. ಈಗ ಮುಚ್ಚಳ ಹಾಕಿ, ಸುತ್ತಲೂ ಟೇಪ್ ಅಂಟಿಸಿ, ಅದೇ ರೀತಿ ತಿರುಚಿ ನೋಡಿ. ಅದೇ ರಟ್ಟು, ಅದೇ ಕೈ. ಆದರೆ ಡಬ್ಬ ಜಗ್ಗುವುದಿಲ್ಲ. ಹೆಚ್ಚಾಗಿದ್ದು ಒಂದು ತೆಳು ಮುಚ್ಚಳದ ತೂಕ ಮಾತ್ರ.

ಅಜ್ಜ ಅಜ್ಜಿಯರೂ ಮಾಡಿ ನೋಡಬಹುದು. ಈ ವಾರದ ಮಾತಿಗೆ ಬೇಕಾದ ಅರ್ಧ ವಿದ್ಯೆ ಈ ಡಬ್ಬದಲ್ಲೇ ಇದೆ. ಉಳಿದ ಅರ್ಧ ನಾನು ಬಿ.ಕಾಂ. ಓದುವಾಗ ಕಲಿತ ಲೆಕ್ಕಪತ್ರದಲ್ಲಿದೆ.

ಕಾರಿನ ಮೇಲಿನ ತಗಡು, ಬಣ್ಣ, ಗಾಜು ಎಲ್ಲವನ್ನೂ ಕಳಚಿದರೆ ಕೊನೆಗೆ ಉಳಿಯುವ ಅಸ್ಥಿಪಂಜರವೇ ಚಾಸಿ. ಎಂಜಿನ್ ಕೂರುವುದು ಅದರ ಮೇಲೆ. ಚಕ್ರಗಳನ್ನು ಹಿಡಿದಿರುವ ಸ್ಪ್ರಿಂಗುಗಳು ಸೇರುವುದು ಅದಕ್ಕೆ. ಓಡಿಸುವ ಮನುಷ್ಯ ಕೂರುವುದೂ ಅದರೊಳಗೆ. ನಾವು ಸಂತೆಗೆ, ಮದುವೆಗೆ ಹೋಗುವ ಕಾರಿನಲ್ಲಿ ಚಾಸಿಯ ವಿಚಾರ ಯಾರೂ ಕೇಳುವುದಿಲ್ಲ. ಮೈಲೇಜ್ ಕೇಳುತ್ತೇವೆ, ಡಿಕ್ಕಿಯಲ್ಲಿ ಎಷ್ಟು ಚೀಲ ಹಿಡಿಯುತ್ತದೆ ಎಂದು ಕೇಳುತ್ತೇವೆ. ಆದರೆ ರೇಸ್ ಟ್ರ್ಯಾಕಿನಲ್ಲಿ ಸುತ್ತುವುದಕ್ಕೆಂದೇ ಒಂದು ಹಗುರವಾದ ಕಾರು ಮಾಡಹೊರಟವರಿಗೆ ಮೊದಲ ಪ್ರಶ್ನೆಯೇ ಅದು: ಚಾಸಿ ಯಾವ ಬಗೆಯದು?

ಆ ಚಾಸಿ ಎರಡು ಕೆಲಸ ಮಾಡಬೇಕು. ಒಂದು, ಹಗುರವಾಗಿರಬೇಕು. ತೂಕ ಎಂಬುದು ಸಾಲ ಇದ್ದ ಹಾಗೆ. ಕಾರು ಹೊರಡುವಾಗ ಅದಕ್ಕೆ ಬಡ್ಡಿ ಕಟ್ಟಬೇಕು, ಬ್ರೇಕ್ ಹಾಕುವಾಗ ಕಟ್ಟಬೇಕು, ಪ್ರತಿ ತಿರುವಿನಲ್ಲೂ ಕಟ್ಟಬೇಕು. ದೊಡ್ಡ ಎಂಜಿನ್ ಇಟ್ಟರೆ ನೇರ ದಾರಿಯಲ್ಲಷ್ಟೇ ಲಾಭ. ತೂಕ ಇಳಿಸಿದರೆ ಎಲ್ಲ ಕಡೆಯೂ ಲಾಭ.

ಎರಡನೆಯದು, ತಿರುಚಿಕೊಳ್ಳಬಾರದು. ಇಲ್ಲಿ ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಮುರಿಯದೆ ಇರುವುದು ಬೇರೆ, ಬಾಗದೆ ಇರುವುದು ಬೇರೆ. ಬೆತ್ತ ಬಾಗುತ್ತದೆ, ಮುರಿಯುವುದಿಲ್ಲ. ಸೀಮೆಸುಣ್ಣ ಬಾಗುವುದಿಲ್ಲ, ಮುರಿಯುತ್ತದೆ. ಚಾಸಿ ಎರಡನ್ನೂ ಮಾಡಬಾರದು. ಕಾರು ವೇಗವಾಗಿ ತಿರುಗುವಾಗ ಭಾರವೆಲ್ಲ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ. ಯಾವ ಚಕ್ರಕ್ಕೆ ಎಷ್ಟು ಭಾರ ಹೋಗಬೇಕೆಂದು ಇಂಜಿನಿಯರುಗಳು ಸ್ಪ್ರಿಂಗುಗಳನ್ನು ಹೊಂದಿಸಿರುತ್ತಾರೆ. ನಡುವಿನ ಚಾಸಿಯೇ ತಿರುಚಿಕೊಂಡರೆ ಆ ಹೊಂದಾಣಿಕೆಯೆಲ್ಲ ನೀರುಪಾಲು. ದಿನಸಿ ಅಂಗಡಿಯ ತಕ್ಕಡಿಗೆ ಕಬ್ಬಿಣದ ದಂಡದ ಬದಲು ರಬ್ಬರಿನ ದಂಡ ಹಾಕಿದರೆ ಏನಾದೀತು? ಎಷ್ಟೇ ಸರಿಯಾದ ಬಟ್ಟು ಇಟ್ಟರೂ ತೂಕ ಗೊತ್ತಾಗುವುದಿಲ್ಲ. ಅದೇ ಪಾಡು.

ಗಟ್ಟಿ ಮಾಡಲು ದಪ್ಪ ಕಬ್ಬಿಣ ಹಾಕಿದರೆ ತೂಕ ಏರುತ್ತದೆ. ತೂಕ ಇಳಿಸಲು ತೆಳು ಮಾಡಿದರೆ ತಿರುಚಿಕೊಳ್ಳುತ್ತದೆ. ಈ ಹಗ್ಗಜಗ್ಗಾಟದಿಂದ ಪಾರಾಗಲು ಒಂದೇ ದಾರಿ: ಇರುವ ಲೋಹವನ್ನೇ ಬುದ್ಧಿವಂತಿಕೆಯಿಂದ ಸರಿಯಾದ ಜಾಗದಲ್ಲಿ ಇಡುವುದು. ಈ ಕಲೆಯನ್ನು ಜೀವನವಿಡೀ ಮಾಡಿದ ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ.

ಕಾಲಿನ್ ಚಾಪ್‌ಮನ್ ಇಂಗ್ಲೆಂಡಿನವನು, ಹುಟ್ಟಿದ್ದು 1928ರಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದು ಕಟ್ಟಡ, ಸೇತುವೆಗಳ ರಚನೆಯ ಇಂಜಿನಿಯರಿಂಗ್. ಅಂತಿಮ ಪರೀಕ್ಷೆಯ ಗಣಿತದ ಪತ್ರಿಕೆಯನ್ನು ಇನ್ನೊಮ್ಮೆ ಬರೆದು, ಒಂದು ವರ್ಷ ತಡವಾಗಿ ಪದವಿ ಪಡೆದ. ಗಣಿತದಲ್ಲಿ ಎಡವಿದ ಮಕ್ಕಳಿಗೆ ಇದು ಸಮಾಧಾನ ಕೊಡಲಿ! ಓದುವಾಗಲೇ, ಗೆಳತಿ ಹೇಜಲ್ ವಿಲಿಯಮ್ಸ್‌ಳ ತಂದೆ ತಾಯಿಯ ಮನೆಯ ಹಿಂದಿದ್ದ ಶೆಡ್ಡಿನಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ತನ್ನ ಮೊದಲ ಕಾರು ಕಟ್ಟಿದ. 1952ರಲ್ಲಿ ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ ಲೋಟಸ್ ಕಂಪನಿ ಶುರುವಾಯಿತು. ಲೋಟಸ್ ಎಂದರೆ ಕಮಲ. ಹೇಜಲ್ ಮುಂದೆ ಅವನ ಹೆಂಡತಿಯಾದಳು. ಇಷ್ಟು ಚೆನ್ನಾಗಿ ಬೆಳೆದ ಸಾಲದ ಖಾತೆ ನನ್ನ ಇಡೀ ಸರ್ವಿಸಿನಲ್ಲಿ ನನ್ನ ಕೌಂಟರಿಗೆ ಬರಲಿಲ್ಲ.

ಆ ಕಾಲದ ಬಹುತೇಕ ಕಾರುಗಳ ಚಾಸಿ ಏಣಿಯಂತಿತ್ತು. ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ನಡುವೆ ಅಡ್ಡಪಟ್ಟಿಗಳು. ನಮ್ಮ ಲಾರಿಗಳಲ್ಲಿ ಇಂದಿಗೂ ಅದೇ ಇದೆ. ಮಾಡಲು ಸುಲಭ, ಭಾರ ಹೊರಲು ಗಟ್ಟಿ. ಆದರೆ ಬಿದಿರಿನ ಏಣಿಯೊಂದನ್ನು ನೆಲಕ್ಕೆ ಮಲಗಿಸಿ ಒಂದು ಮೂಲೆ ಎತ್ತಿ ನೋಡಿ, ಹೇಗೆ ತಿರುಚಿಕೊಳ್ಳುತ್ತದೆ ಎಂದು. ಹೊಲದ ದಾರಿಯಲ್ಲಿ ಹೋಗುವ ಲಾರಿಗೆ ಆ ತಿರುಚುವಿಕೆ ಒಳ್ಳೆಯದೇ. ತಗ್ಗು ದಿಣ್ಣೆಯಲ್ಲೂ ನಾಲ್ಕು ಕಡೆಯ ಚಕ್ರಗಳು ನೆಲ ಬಿಡುವುದಿಲ್ಲ. ನುಣುಪಾದ ಟ್ರ್ಯಾಕಿನಲ್ಲಿ ಓಡುವ ಕಾರಿಗೆ ಅದು ಶಾಪ.

ಚಾಪ್‌ಮನ್ ಸೇತುವೆಯ ಪಾಠ ಓದಿದವನಲ್ಲವೇ? ಅವನು ತ್ರಿಕೋನಗಳನ್ನು ಹಿಡಿದ. ಇದನ್ನೂ ನೀವು ಮನೆಯಲ್ಲಿ ಮಾಡಬಹುದು. ನಾಲ್ಕು ಐಸ್‌ಕ್ರೀಂ ಕಡ್ಡಿಗಳನ್ನು ಚೌಕವಾಗಿಟ್ಟು ಮೂಲೆಮೂಲೆಗೆ ಗುಂಡುಸೂಜಿ ಚುಚ್ಚಿ. ಒಂದು ಮೂಲೆ ತಳ್ಳಿದರೆ ಚೌಕ ಓರೆಯಾಗಿ ಮಲಗಿಬಿಡುತ್ತದೆ. ಮೂರೇ ಕಡ್ಡಿಯಲ್ಲಿ ತ್ರಿಕೋನ ಮಾಡಿ. ಎಷ್ಟು ತಳ್ಳಿದರೂ ಆಕಾರ ಬಿಡುವುದಿಲ್ಲ. ರೈಲ್ವೆ ಸೇತುವೆಯಲ್ಲಿ, ಹೈಟೆನ್ಷನ್ ತಂತಿಯ ಗೋಪುರದಲ್ಲಿ, ನಿಮ್ಮ ಸೈಕಲ್ಲಿನ ಚೌಕಟ್ಟಿನಲ್ಲಿ ತ್ರಿಕೋನ ಕಾಣುವುದು ಇದೇ ಕಾರಣಕ್ಕೆ.

ತೆಳುವಾದ ಉಕ್ಕಿನ ಪೈಪುಗಳನ್ನು ಹೀಗೆ ತ್ರಿಕೋನ ತ್ರಿಕೋನವಾಗಿ ಬೆಸೆದು ಪಂಜರ ಮಾಡಿದರೆ ಅದಕ್ಕೆ 'ಸ್ಪೇಸ್ ಫ್ರೇಮ್' ಎನ್ನುತ್ತಾರೆ. ಪೈಪೇ ಏಕೆ, ಸರಳೇಕಲ್ಲ? ಬಿದಿರನ್ನು ನೆನೆಯಿರಿ, ಒಳಗೆ ಟೊಳ್ಳು, ಹೊರಗೆ ಗಟ್ಟಿ. ನೋಟ್‌ಬುಕ್ಕಿನ ಒಂದು ಹಾಳೆಯನ್ನು ಸುರುಳಿ ಸುತ್ತಿ ಅಂಟಿಸಿ ನಿಲ್ಲಿಸಿದರೆ ಅದರ ಮೇಲೆ ಪುಸ್ತಕ ಇಡಬಹುದು. ಅದೇ ಹಾಳೆಯನ್ನು ಮಡಚಿ ಪಟ್ಟಿ ಮಾಡಿ ನಿಲ್ಲಿಸಿ, ಪುಸ್ತಕ ಇರಲಿ, ಅದೇ ನಿಲ್ಲುವುದಿಲ್ಲ. ಲೋಹ ನಡುವಿನಿಂದ ದೂರ ಇದ್ದಷ್ಟೂ ಬಾಗುವುದು ಕಷ್ಟ.

1957ರಲ್ಲಿ ಬಂದ ಲೋಟಸ್ ಸೆವೆನ್ ಇಂಥ ಕಾರು. ಉಕ್ಕಿನ ಪೈಪುಗಳ ಪಂಜರ, ಅದಕ್ಕೆ ರಿವೆಟ್ ಹೊಡೆದ ಅಲ್ಯೂಮಿನಿಯಂ ತಗಡು. ಆ ತಗಡು ಬರೀ ಅಲಂಕಾರಕ್ಕಲ್ಲ. ನಮ್ಮ ಶೂ ಡಬ್ಬದ ಮುಚ್ಚಳದ ಹಾಗೆ ಅದೂ ಬಿಗಿ ಕೊಡುತ್ತದೆ. ಇಡೀ ಕಾರಿನ ತೂಕ ಸುಮಾರು 500 ಕಿಲೋ. ಎಂಜಿನ್ 40 ಅಶ್ವಶಕ್ತಿಯದು, ಅಂದರೆ ನಮ್ಮ ಮಾರುತಿ 800ರದ್ದಕ್ಕೆ ಹೆಚ್ಚುಕಡಿಮೆ ಸಮ. ಅಷ್ಟರಲ್ಲೇ ಅದು ಟ್ರ್ಯಾಕಿನಲ್ಲಿ ದೊಡ್ಡ ದೊಡ್ಡ ಕಾರುಗಳ ಬೆವರಿಳಿಸಿತು. ಸರಿಯಾದ ಬಾಗಿಲು ಮಾತ್ರ ಇಲ್ಲ. ಪಂಜರದ ಪಕ್ಕಕ್ಕೆ ಬಾಗಿಲು ಕೊರೆದರೆ ತ್ರಿಕೋನ ಕಡಿದಂತೆ. ಹಾಗಾಗಿ ಕಾಲೆತ್ತಿ ದಾಟಿ ಒಳಗಿಳಿಯಬೇಕು. ನನ್ನ ವಯಸ್ಸಿನವರಿಗೆ ಹೇಳಿಸಿದ ಕಾರಲ್ಲ!

ಈ ಕಾರಿನ ಇನ್ನೊಂದು ಸ್ವಾರಸ್ಯ ಬ್ಯಾಂಕಿನವರಿಗೆ ಹಿಡಿಸುವಂಥದ್ದು. ಆಗ ಇಂಗ್ಲೆಂಡಿನಲ್ಲಿ ಹೊಸ ಕಾರಿಗೆ ಖರೀದಿ ತೆರಿಗೆ ಇತ್ತು. ಕಾರನ್ನು ಬಿಡಿ ಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆ ತೆರಿಗೆ ಇರಲಿಲ್ಲ. ಲೋಟಸ್ ಹಾಗೆಯೇ ಮಾರಿತು. ಆದರೆ ಜೋಡಿಸುವ ವಿಧಾನದ ಪುಸ್ತಕವನ್ನು ಜೊತೆಗೆ ಕೊಡುವಂತಿಲ್ಲ ಎಂಬ ನಿಯಮವಿತ್ತಂತೆ. ಅದಕ್ಕೆ ಕಾರನ್ನು ಬಿಚ್ಚುವ ವಿಧಾನ ಬರೆದುಕೊಟ್ಟರಂತೆ. ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳುವುದು! 1973ರಲ್ಲಿ ಹೊಸ ತೆರಿಗೆ ಪದ್ಧತಿ ಬಂದಾಗ ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಕಂಪನಿ ಪಡೆಯಿತು. ಪೈಪಿನ ಪಂಜರದ ಆ ಪುಟ್ಟ ಕಾರು ಇಂದಿಗೂ ತಯಾರಾಗುತ್ತಿದೆ.

ತ್ರಿಕೋನದ ಹುಚ್ಚು ಹಿಡಿಸಿಕೊಂಡವರು ಇನ್ನೂ ಇದ್ದರು. ಇಟಲಿಯ ಮಸೆರಾಟಿ ಕಂಪನಿ 1959ರ ಸುಮಾರಿಗೆ ಮಾಡಿದ ರೇಸ್ ಕಾರೊಂದರ ಚಾಸಿಯಲ್ಲಿ ಸಣ್ಣ ಸಣ್ಣ ಪೈಪುಗಳು ಸುಮಾರು 200 ಇದ್ದವು. ಜನ ಅದಕ್ಕೆ 'ಹಕ್ಕಿ ಪಂಜರ' ಎಂದೇ ಹೆಸರಿಟ್ಟರು. ಹಗುರ ಹೌದು, ಗಟ್ಟಿ ಹೌದು. ಆದರೆ 200 ಪೈಪು ಎಂದರೆ ಅದರ ಎರಡರಷ್ಟು ತುದಿಗಳು. ಪ್ರತಿಯೊಂದನ್ನೂ ಅಳತೆಗೆ ಕತ್ತರಿಸಿ, ಕೈಯಿಂದ ಬೆಸೆಯಬೇಕು. ಕೆಲಸಗಾರನ ಕೂಲಿ ಲೆಕ್ಕ ಹಾಕಿ ನೋಡಿ.

ಚಾಪ್‌ಮನ್ ಒಂದೇ ವಿದ್ಯೆಗೆ ಅಂಟಿಕೊಳ್ಳಲಿಲ್ಲ. 1962ರಲ್ಲಿ ಅವನ ಕಂಪನಿ ಎರಡು ಬೇರೆ ಬೇರೆ ಉತ್ತರ ಕೊಟ್ಟಿತು. ರಸ್ತೆಯ ಕಾರಾದ ಎಲಾನ್‌ಗೆ ಬೆನ್ನೆಲುಬಿನಂಥ ಚಾಸಿ. ಉಕ್ಕಿನ ತಗಡನ್ನು ಮಡಚಿ ಮಾಡಿದ ಒಂದು ಉದ್ದನೆಯ ಪೆಟ್ಟಿಗೆ ಕಾರಿನ ನಟ್ಟನಡುವೆ ಹೋಗುತ್ತದೆ. ಎರಡೂ ತುದಿಗಳಲ್ಲಿ ಕವಲೊಡೆದು ಮುಂದೆ ಎಂಜಿನ್ನನ್ನೂ ಹಿಂದೆ ಚಕ್ರಗಳನ್ನೂ ಹಿಡಿದುಕೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆ ತಿರುಚುವುದಿಲ್ಲ ಎಂದು ನೀವು ಆಗಲೇ ನೋಡಿದ್ದೀರಿ. ಪಕ್ಕಗಳಲ್ಲಿ ಏನೂ ಅಡ್ಡವಿಲ್ಲದ್ದರಿಂದ ಧಾರಾಳವಾಗಿ ಬಾಗಿಲು ಇಡಬಹುದು. ಕಡಿಮೆ ಖರ್ಚು, ಸರಳ. ಒಂದೇ ತೊಡಕು, ಬೆನ್ನೆಲುಬು ಮನುಷ್ಯನ ಪಕ್ಕದಲ್ಲಿರುತ್ತದೆ, ಸುತ್ತಲೂ ಇರುವುದಿಲ್ಲ. ಪಕ್ಕದಿಂದ ಯಾರಾದರೂ ಬಂದು ಗುದ್ದಿದರೆ ಅದು ಕಾಪಾಡುವುದು ಕಡಿಮೆ.

ಇನ್ನೊಂದು ಉತ್ತರ ಫಾರ್ಮುಲಾ ಒನ್ ಪಂದ್ಯದ ಲೋಟಸ್ 25. ಇದರಲ್ಲಿ ಪೈಪುಗಳ ಪಂಜರವೇ ಇಲ್ಲ. ಅಲ್ಯೂಮಿನಿಯಂ ತಗಡನ್ನೇ ರಿವೆಟ್ ಹೊಡೆದು ದೋಣಿಯ ಹಾಗೆ ಮಾಡಿ, ಅದರಲ್ಲಿ ಚಾಲಕನನ್ನು ಹೆಚ್ಚುಕಡಿಮೆ ಮಲಗಿಸಿದರು. ಮೊಟ್ಟೆಗೆ ಒಳಗೆ ಎಲುಬಿಲ್ಲ, ಚಿಪ್ಪೇ ಎಲ್ಲ. ಅದೇ ರೀತಿ ಇಲ್ಲಿ ಹೊರಗಿನ ಚಿಪ್ಪೇ ಚಾಸಿ. ಇದಕ್ಕೆ 'ಮೊನೊಕಾಕ್' ಎಂದು ಹೆಸರು. ಪೈಪಿನ ಚಾಸಿಯಿದ್ದ ಅದೇ ಕಂಪನಿಯ ಲೋಟಸ್ 24ರ ಜೊತೆ ಹೋಲಿಸಿದರೆ ಇದು ಮೂರು ಪಟ್ಟು ಬಿಗಿ, ಚಾಸಿಯ ತೂಕ ಅರ್ಧ. 1963ರಲ್ಲಿ ಜಿಮ್ ಕ್ಲಾರ್ಕ್ ಇದೇ ಕಾರಿನಲ್ಲಿ ಆ ವರ್ಷದ 10 ಪಂದ್ಯಗಳಲ್ಲಿ 7 ಗೆದ್ದು ವಿಶ್ವ ಚಾಂಪಿಯನ್ ಆದ.

ಇಷ್ಟು ಓದಿ ಯಾರಾದರೂ 'ಹಾಗಾದರೆ ಚಿಪ್ಪಿನ ಚಾಸಿಯೇ ಶ್ರೇಷ್ಠ, ಅದನ್ನೇ ಮಾಡೋಣ' ಎಂದರೆ ಸ್ವಲ್ಪ ತಡೆಯಿರಿ. ಲೆಕ್ಕಪತ್ರ ಈಗ ಬರುತ್ತದೆ.

ಬಿ.ಕಾಂ. ತರಗತಿಯಲ್ಲಿ ಮೊದಲು ಕಲಿಸುವ ಪಾಠಗಳಲ್ಲೊಂದು ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚ. ಚಕ್ಕುಲಿ ಒರಳನ್ನು ನೋಡಿ. ಒರಳು ಕೊಳ್ಳುವುದು ಒಂದು ಸಲದ ಖರ್ಚು. ಹಿಟ್ಟು, ಎಣ್ಣೆ ಪ್ರತಿ ಸಲದ ಖರ್ಚು. ವರ್ಷಕ್ಕೊಮ್ಮೆ ಗೋಕುಲಾಷ್ಟಮಿಗೆ ಮಾಡುವವರು ಒರಳನ್ನು ನೆರೆಮನೆಯಿಂದ ತರುತ್ತಾರೆ. ದಿನವೂ ಮಾಡಿ ಮಾರುವವರು ಸ್ವಂತ ಒರಳು ಇಟ್ಟುಕೊಳ್ಳುತ್ತಾರೆ.

ಲೋಟಸ್ 1996ರಲ್ಲಿ ಹೊರತಂದ ಎಲೀಸ್ ಕಾರು ಅಕ್ಷರಶಃ ಚಕ್ಕುಲಿ ಒರಳಿನ ಕಾರು. ಬಿಸಿ ಮಾಡಿದ ಅಲ್ಯೂಮಿನಿಯಂ ಅನ್ನು ಬಿಲ್ಲೆಯ ತೂತಿನ ಮೂಲಕ ಒತ್ತಿ, ಬೇಕಾದ ಆಕಾರದ ಉದ್ದನೆಯ ಟೊಳ್ಳು ತುಂಡುಗಳನ್ನು ತೆಗೆಯುತ್ತಾರೆ. ಅವನ್ನು ಕತ್ತರಿಸಿ, ಬೆಸುಗೆಯ ಬದಲು ಎಪಾಕ್ಸಿ ಅಂಟಿನಿಂದ ಅಂಟಿಸುತ್ತಾರೆ! ಬೆಸುಗೆಯ ಬಿಸಿಗೆ ಅಲ್ಯೂಮಿನಿಯಂ ತನ್ನ ಬಲ ಕಳೆದುಕೊಳ್ಳುತ್ತದೆ. ಅಂಟಿಗೆ ಆ ತಂಟೆ ಇಲ್ಲ. ಅಂಟು ಕಿತ್ತು ಬರದಂತೆ ಅಲ್ಲಲ್ಲಿ ಸ್ಕ್ರೂ ಇರುತ್ತದೆ. ಹೀಗೆ ಮಾಡಿದ ಇಡೀ ಚಾಸಿಯ ತೂಕ 68 ಕಿಲೋ, ಒಬ್ಬ ಮನುಷ್ಯನಷ್ಟು. ಕಾರಿನ ತೂಕ ಮೊದಲ ಮಾದರಿಯಲ್ಲಿ 725 ಕಿಲೋ. ಆ ಹೆಸರು ಎಲ್ಲಿಂದ ಬಂತು ಗೊತ್ತೇ? ಆಗ ಕಂಪನಿಯ ಅಧ್ಯಕ್ಷನಾಗಿದ್ದ ರೊಮಾನೊ ಆರ್ಟಿಯೋಲಿಯ ಪುಟ್ಟ ಮೊಮ್ಮಗಳು ಎಲಿಸಾ. ತಾತಂದಿರು ಎಲ್ಲ ದೇಶದಲ್ಲೂ ಒಂದೇ!

ಈಗ ಲೆಕ್ಕ. ಇಂಥ ಬಿಲ್ಲೆಗಳನ್ನೆಲ್ಲ ಮಾಡಿಸಲು 50 ಲಕ್ಷ ರೂಪಾಯಿ ಖರ್ಚು ಎಂದು ಸುಮ್ಮನೆ ಇಟ್ಟುಕೊಳ್ಳೋಣ. ಒಂದೇ ಕಾರು ಮಾಡಿದರೆ ಆ ಕಾರಿನ ಮೇಲೆ 50 ಲಕ್ಷ ಬೀಳುತ್ತದೆ. 10,000 ಕಾರು ಮಾಡಿದರೆ ಒಂದೊಂದರ ಮೇಲೆ ಬೀಳುವುದು 500 ರೂಪಾಯಿ. ಎಲೀಸ್ 2021ರವರೆಗೂ ತಯಾರಾಯಿತು. ಒರಳಿನ ದುಡ್ಡು ಹುಟ್ಟಿತು. ಆದರೆ ಶೆಡ್ಡಿನಲ್ಲಿ ಒಂದೇ ಒಂದು ಕಾರು ಕಟ್ಟುವವನಿಗೆ? ಅವನಿಗೆ ಉಕ್ಕಿನ ಪೈಪು, ಗರಗಸ, ವೆಲ್ಡಿಂಗ್ ಯಂತ್ರ ಇವೇ ಸರಿ. ಪೈಪಿನ ಪಂಜರದಲ್ಲಿ ಒಂದು ಸಲದ ಖರ್ಚು ಕಡಿಮೆ, ಕೂಲಿ ಜಾಸ್ತಿ. ತನ್ನ ಕೂಲಿ ತನಗೇ ಆದ್ದರಿಂದ ಅವನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ರಿಪೇರಿಯ ಲೆಕ್ಕವೂ ಇದೆ. ಟ್ರ್ಯಾಕಿಗೆ ಹೋದ ಕಾರು ಇವತ್ತಲ್ಲ ನಾಳೆ ಗೋಡೆಗೆ ತಾಗುತ್ತದೆ. ಸೊಟ್ಟಗಾದ ಪೈಪು ಕಣ್ಣಿಗೆ ಕಾಣುತ್ತದೆ. ಕತ್ತರಿಸಿ ಹೊಸದು ಬೆಸೆಯಬಹುದು. ಅಂಟಿಸಿದ ಅಲ್ಯೂಮಿನಿಯಂ ಸೊಟ್ಟಗಾದರೆ ಸುತ್ತಿಗೆಯಿಂದ ಬಡಿದು ನೇರ ಮಾಡುವಂತಿಲ್ಲ. ಪೆಟ್ಟು ಜೋರಾದರೆ ಇಡೀ ಚಾಸಿಯನ್ನೇ ಬದಲಿಸಬೇಕಾಗಬಹುದು. ಕಾರ್ಬನ್ ನಾರಿನ ಚಿಪ್ಪಾದರೆ ಮೇಲೆ ನುಣ್ಣಗೆ ಕಂಡರೂ ಒಳಗಿನ ಪದರಗಳು ಬಿಟ್ಟುಕೊಂಡಿರಬಹುದು. ಅದನ್ನು ಪರೀಕ್ಷಿಸಲು ಬೇರೆ ಉಪಕರಣ ಬೇಕು, ಬಲ್ಲವರು ಬೇಕು.

ಇಷ್ಟೂ ದುಡ್ಡಿನ ಮಾತು. ಲೆಡ್ಜರಿನಲ್ಲಿ ಬರೆಯಲಾಗದ ಒಂದು ಬಾಬ್ತು ಉಳಿದಿದೆ, ಒಳಗೆ ಕೂತ ಮನುಷ್ಯ.

ಹಗುರ ಮಾಡುವುದರಲ್ಲಿ ಚಾಪ್‌ಮನ್ನನನ್ನು ಮೀರಿಸಿದವರಿಲ್ಲ. ಆದರೆ ಅವನ ಕಾರುಗಳು ಮುರಿಯುತ್ತವೆ ಎಂಬ ದೂರೂ ಜೊತೆಯಲ್ಲೇ ಇತ್ತು. 1969ರಲ್ಲಿ ಸ್ಪೇನಿನ ಬಾರ್ಸಿಲೋನಾದ ಪಂದ್ಯದಲ್ಲಿ ಲೋಟಸ್ಸಿನ ಎರಡೂ ಕಾರುಗಳ ಹಿಂಬದಿಯ ಎತ್ತರದ ರೆಕ್ಕೆಗಳು ಓಡುತ್ತಿರುವಾಗಲೇ ಕುಸಿದವು. ಗ್ರಹಾಂ ಹಿಲ್ ಪಾರಾದ, ಯೋಹೆನ್ ರಿಂಟ್‌ಗೆ ಗಾಯವಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ರಿಂಟ್‌ನ ಕಾರು ತಡೆಬೇಲಿಗೆ ಬಡಿದು ಅವನು ತೀರಿಕೊಂಡ. ಮುಂದಿನ ಬ್ರೇಕಿಗೆ ಸೇರಿದ ಟೊಳ್ಳು ದಂಡವೊಂದು ಮುರಿದಿತ್ತು, ಬೇಲಿಯೂ ಸರಿಯಾಗಿರಲಿಲ್ಲ. ಅಷ್ಟರಲ್ಲಾಗಲೇ ಅವನು ಗಳಿಸಿದ್ದ ಅಂಕಗಳನ್ನು ಆ ವರ್ಷ ಬೇರಾರೂ ದಾಟಲಾಗಲಿಲ್ಲ. ಸತ್ತ ಮೇಲೆ ವಿಶ್ವ ಚಾಂಪಿಯನ್ ಎನಿಸಿಕೊಂಡವನು ಫಾರ್ಮುಲಾ ಒನ್ ಚರಿತ್ರೆಯಲ್ಲಿ ಅವನೊಬ್ಬನೇ. ಮಕ್ಕಳಿಗೆ ಇದನ್ನು ಹೇಳಬೇಕೇ ಎಂದು ಯೋಚಿಸಿದೆ. ಹೇಳಲೇಬೇಕು ಅನ್ನಿಸಿತು. ಹಗುರ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದಲ್ಲ.

ಅದೇ ಮೊಂಜಾದಲ್ಲಿ 1981ರಲ್ಲಿ ಇನ್ನೊಂದು ಘಟನೆ ನಡೆಯಿತು. ಮೆಕ್‌ಲಾರೆನ್ ತಂಡದ ಜಾನ್ ಬರ್ನಾರ್ಡ್ ಎಂಬ ಇಂಜಿನಿಯರ್ ಆ ವರ್ಷ ಕಾರ್ಬನ್ ನಾರಿನ ಚಿಪ್ಪಿರುವ ಕಾರು ಇಳಿಸಿದ್ದ. ನಾರನ್ನು ಅಂಟಿನಲ್ಲಿ ಅದ್ದಿ, ಪದರ ಪದರವಾಗಿ ಅಚ್ಚಿನಲ್ಲಿಟ್ಟು, ಒತ್ತಡದ ಒಲೆಯಲ್ಲಿ ಬೇಯಿಸಿ ಮಾಡುವ ಚಾಸಿ ಅದು. ಇಂಗ್ಲೆಂಡಿನಲ್ಲಿ ಅಂಥ ಕೆಲಸಕ್ಕೆ ಸರಿಯಾದವರು ಸಿಗದೆ ಅಮೆರಿಕದ ಯೂಟಾ ರಾಜ್ಯದ ಹರ್ಕ್ಯುಲಿಸ್ ಕಂಪನಿಯಲ್ಲಿ ಮಾಡಿಸಿದರು. 'ಗುದ್ದಿದರೆ ಪುಡಿಪುಡಿಯಾಗುತ್ತದೆ' ಎಂದು ಅನೇಕರು ಹೆದರಿಸಿದ್ದರು. ಮೊಂಜಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಆ ಕಾರು ಬೇಲಿಗೆ ಬಡಿದು ಎರಡು ಭಾಗವಾಯಿತು. ಎಂಜಿನ್, ಗೇರ್‌ಬಾಕ್ಸ್ ಕಿತ್ತು ಬೇರೆಯಾದವು. ವಾಟ್ಸನ್ ಕೂತಿದ್ದ ಚಿಪ್ಪು ಉಳಿಯಿತು. ಅವನು ಎದ್ದು ನಡೆದುಕೊಂಡು ಬಂದ. ಆಮೇಲೆ ಉಳಿದ ತಂಡಗಳೂ ಒಂದೊಂದಾಗಿ ಕಾರ್ಬನ್ನಿಗೆ ಬಂದವು. ಹಗುರವೂ ಹೌದು, ಕಾಪಾಡುವುದೂ ಹೌದು ಎಂದು ಎಲ್ಲರ ಕಣ್ಣೆದುರು ಸಾಬೀತಾಗಿತ್ತು.

ಇದೆಲ್ಲ ದೂರದ ಊರಿನ, ಹಳೆಯ ಕಾಲದ ಮಾತಾಯಿತು. ನಮ್ಮ ಹತ್ತಿರಕ್ಕೆ ಬರೋಣ. ಅಮೆರಿಕದಲ್ಲಿ 1981ರಲ್ಲೇ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ಒಂದು ಸ್ಪರ್ಧೆ ಶುರುವಾಯಿತು: ಒಬ್ಬರೇ ಕೂರುವ ಸಣ್ಣ ರೇಸ್ ಕಾರನ್ನು ತಾವೇ ರೂಪಿಸಿ, ತಾವೇ ಕಟ್ಟಿ, ತಾವೇ ಓಡಿಸಬೇಕು. ಅದೇ ಬಗೆಯ ಸ್ಪರ್ಧೆ ಈಗ ನಮ್ಮಲ್ಲಿ 'ಫಾರ್ಮುಲಾ ಭಾರತ್' ಎಂಬ ಹೆಸರಿನಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತದೆ. ಆ ಟ್ರ್ಯಾಕಿಗೆ ಎಸ್. ಕರಿವರ್ಧನ್ ಅವರ ಹೆಸರಿಟ್ಟಿದ್ದಾರೆ. ಎಂಬತ್ತರ ದಶಕದಲ್ಲಿ ಮಾರುತಿ 800ರ ಎಂಜಿನ್ ಬಳಸಿ ಕಡಿಮೆ ಖರ್ಚಿನ ಒಂಟಿ ಸೀಟಿನ ರೇಸ್ ಕಾರುಗಳನ್ನು ಮಾಡಿದವರು ಅವರು. ನಮ್ಮ ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಇಂಥ ವಿದ್ಯಾರ್ಥಿ ತಂಡಗಳಿವೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ಮೆಕ್ಯಾನಿಕಲ್ ಓದುತ್ತಾಳೆ, ಅಂಥ ತಂಡವೊಂದರಲ್ಲಿದ್ದಾಳೆ. ಕೈಯ ಮೇಲೆ ವೆಲ್ಡಿಂಗ್ ಕಿಡಿಯ ಚುಕ್ಕೆಗಳು. ಅವರ ತಂಡದಲ್ಲೂ ಇದೇ ಜಗಳವಂತೆ: ಅರ್ಧ ಜನಕ್ಕೆ ಕಾರ್ಬನ್ ಚಿಪ್ಪು ಬೇಕು, ಅರ್ಧ ಜನಕ್ಕೆ ಉಕ್ಕಿನ ಪೈಪು.

"ಕಾರ್ಬನ್ ಆದ್ರೆ ಹಗುರ ಅಲ್ವೇನಮ್ಮ?" ಎಂದೆ.

"ಹಗುರಾನೇ ತಾತ. ಆದ್ರೆ ಅಚ್ಚು ಮಾಡ್ಬೇಕು, ಬೇಯಿಸೋ ಒಲೆ ಬೇಕು. ಅದಕ್ಕಿಂತ ಮುಖ್ಯ, ನಾವು ಮಾಡಿದ ಕಾರ್ಬನ್ ಉಕ್ಕಿನಷ್ಟೇ ಕಾಪಾಡುತ್ತೆ ಅಂತ ಸಾಬೀತು ಮಾಡ್ಬೇಕು. ಮಾದರಿ ತುಂಡು ಮಾಡಿ, ಲ್ಯಾಬಲ್ಲಿ ಮುರಿದು, ಅಂಕಿ ತೋರಿಸ್ಬೇಕು. ಉಕ್ಕಿನ ಪೈಪಾದ್ರೆ ಅಳತೆ ನಿಯಮದಲ್ಲೇ ಇದೆ. ಡ್ರೈವರ್ ತಲೆ ಮೇಲಿನ ಕಮಾನಿಗೆ 25 ಮಿಲಿಮೀಟರ್ ಪೈಪು, ಗೋಡೆ ಎರಡೂವರೆ ಮಿಲಿಮೀಟರ್ ದಪ್ಪ. ಅದಕ್ಕಿಂತ ತೆಳು ಮಾಡೋ ಹಾಗಿಲ್ಲ."

"ಕೊನೆಗೆ ಏನು ತೀರ್ಮಾನ ಆಯ್ತು?"

"ಪೈಪೇ. ನಮಗೆ ಬೆಸೆಯೋಕೆ ಬರುತ್ತೆ, ಅಳೆಯೋಕೆ ಬರುತ್ತೆ, ಮುರಿದ್ರೆ ರಾತ್ರೋರಾತ್ರಿ ಸರಿ ಮಾಡೋಕೆ ಬರುತ್ತೆ. ಓಡಿಸೋಳು ನನ್ನ ರೂಮ್‌ಮೇಟ್ ತಾತ. ನಮಗೆ ಪೂರ್ತಿ ಗೊತ್ತಿಲ್ಲದ್ದರೊಳಗೆ ಅವಳನ್ನ ಕೂರಿಸೋಕೆ ನಾನು ಒಪ್ಪಲಿಲ್ಲ."

ಅವಳೇ ಹೇಳಿದ ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಕೂತ ಚಾಲಕರು 5 ಸೆಕೆಂಡಿನೊಳಗೆ ತಾವೇ ಕಾರಿನಿಂದ ಹೊರಗೆ ಬರಬೇಕು. ಬರಲಾಗದಿದ್ದರೆ ಟ್ರ್ಯಾಕಿಗೆ ಇಳಿಯುವಂತಿಲ್ಲ, ಚಾಸಿ ಎಷ್ಟೇ ಹಗುರವಿರಲಿ. ಐದರವರೆಗೆ ಎಣಿಸಿ ನೋಡಿ, ಎಷ್ಟು ಕಡಿಮೆ ಹೊತ್ತು ಅದು! ಹಾಗಾಗಿ ಪಂಜರದ ಯಾವ ಪೈಪು ಎಲ್ಲಿ ಬರಬೇಕು ಎಂಬುದನ್ನು ತ್ರಿಕೋನದ ಲೆಕ್ಕದ ಜೊತೆಗೆ, ಹೊರಬರುವ ಕಾಲು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದೂ ತೀರ್ಮಾನಿಸುತ್ತದೆ.

ಹಾಗಾದರೆ ಹಗುರ ಕಾರಿಗೆ ಯಾವ ಚಾಸಿ? ಅದಕ್ಕೆ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು ಎನ್ನುವುದು ನನ್ನ ತಿಳಿವಳಿಕೆ. ಎಷ್ಟು ಕಾರು ಮಾಡುತ್ತೀರಿ? ಒಂದೋ ಎರಡೋ ಆದರೆ ಪೈಪಿನ ಪಂಜರ. ಸಾವಿರಗಟ್ಟಲೆ ಆದರೆ ಒರಳು, ಅಚ್ಚು. ಮುರಿದರೆ ಸರಿ ಮಾಡುವವರು ಯಾರು? ನೀವೇ ಆದರೆ ನಿಮ್ಮ ಕೈಗೆ ಬರುವ ವಿದ್ಯೆಯನ್ನೇ ಆರಿಸಿ. ಗುದ್ದಿದಾಗ ಒಳಗಿರುವವರ ಸುತ್ತ ಏನಿದೆ? ಮೊದಲೆರಡರಲ್ಲಿ ಚೌಕಾಸಿ ಮಾಡಬಹುದು. ಮೂರನೆಯದರಲ್ಲಿ ಮಾಡಬಾರದು. ತೂಕ ಇಳಿಸಲೇಬೇಕೆಂದರೆ ಸೀಟಿನ ಸ್ಪಂಜಿನಿಂದ ಇಳಿಸಿ, ಬಣ್ಣದಿಂದ ಇಳಿಸಿ, ಬೇಡದ ಬೋಲ್ಟಿನಿಂದ ಇಳಿಸಿ. ತಲೆಯ ಮೇಲಿನ ಕಮಾನಿನಿಂದ ಇಳಿಸಬೇಡಿ.

ಈ ವಾರದ ಕೆಲಸ: 20 ಐಸ್‌ಕ್ರೀಂ ಕಡ್ಡಿ, ಸ್ವಲ್ಪ ಅಂಟು. ಒಂದು ಉದ್ದನೆಯ ಪಂಜರ ಕಟ್ಟಿ, ನಡುವೆ ಒಂದು ನಿಂಬೆಹಣ್ಣು ಕೂರುವಷ್ಟು ಜಾಗ ಬಿಡಿ. ಅಂಟು ಒಣಗಿದ ಮೇಲೆ ಎರಡು ತುದಿ ಹಿಡಿದು ತಿರುಚಿ. ಎಲ್ಲಿ ಜಗ್ಗುತ್ತದೋ ಅಲ್ಲಿ ಒಂದು ಓರೆ ಕಡ್ಡಿ ಸೇರಿಸಿ, ಬೇರೆ ಕಡೆಯಿಂದ ಒಂದು ತೆಗೆಯಿರಿ. ಕಡ್ಡಿಗಳ ಸಂಖ್ಯೆ 20 ದಾಟಬಾರದು. ಕೊನೆಗೆ ಅಜ್ಜನೋ ಅಜ್ಜಿಯೋ ಅದನ್ನು ಸೊಂಟದ ಎತ್ತರದಿಂದ ಕೆಳಗೆ ಬಿಡಲಿ. ನಿಂಬೆಹಣ್ಣು ಒಳಗೇ ಉಳಿದರೆ ನೀವು ಪಾಸು. ಪಾಸಾದವರು ಪಾನಕ ಮಾಡಿ ಕುಡಿಯಿರಿ.